ಇಳಿಯುವ ಮುನ್ನ ಏರುವ ನೆನಪು

ಪರ್ವತಯಾತ್ರೆಗೂ ಕಣಿವೆಯಾತ್ರೆಗೂ ಒಂದು ಮುಖ್ಯ ಭೇದವುಂಟು. ಹೊಸನಗರ ಸೀಮೆಯ ಕೊಡಚಾದ್ರಿಯನ್ನು ಏರುವವನು ದೇಹದಲ್ಲಿ ಬಲವಿರುವಾಗಲೇ ಕಷ್ಟವನ್ನು ಮುಗಿಸುತ್ತಾನೆ. ದಣಿದ ಮೇಲೆ ಅವನಿಗೆ ಉಳಿಯುವುದು ಇಳಿಜಾರು. ಸಾಗರ ಸೀಮೆಯ ಜೋಗದ ಕಣಿವೆಗೆ ಇಳಿಯುವವನ ಪಾಡು ಇದಕ್ಕೆ ವಿಪರೀತವಾದುದು. ಅಲ್ಲಿ ಸುಖವು ಮೊದಲು, ಶ್ರಮವು ಅನಂತರ. ಮಾನವನ ಬಾಳು ಈ ಎರಡರಲ್ಲಿ ಯಾವುದನ್ನು ಹೋಲುತ್ತದೆಂಬುದನ್ನು ಸದ್ಭಕ್ತರು ವಿಚಾರಿಸತಕ್ಕದ್ದು.

ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಹೊಸನಗರದ ನೆಲವನ್ನು ಹಾದು, ಜೋಗದಲ್ಲಿ 830 ಅಡಿಗಳ ಆಳಕ್ಕೆ ಧುಮುಕುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳ ಬುಡವನ್ನು ಕಾಣಬಯಸುವವರು, ಅಪ್ಪಣೆಯಿರುವ ದಿನಗಳಲ್ಲಿ, ಸುಮಾರು 1400 ಮೆಟ್ಟಿಲುಗಳನ್ನು ಇಳಿಯುತ್ತಾರೆ. ಇಳಿಯುವಾಗ ಏದುಸಿರಿಲ್ಲ, ಮಾತೂ ನಗೆಯೂ ನಿಲ್ಲುವುದಿಲ್ಲ. ಆದರೆ ದೇಹದ ಭಾರವನ್ನು ಹೆಜ್ಜೆಹೆಜ್ಜೆಗೂ ತಡೆದು ನಿಲ್ಲಿಸುವ ತೊಡೆಗಳೂ ಮೊಣಕಾಲುಗಳೂ ಅರಿವಿಲ್ಲದೆಯೇ ಸೋಲುತ್ತಿರುತ್ತವೆ. ಬುಡವನ್ನು ಮುಟ್ಟಿ ನಿಂತಾಗ ಕಾಲು ನಡುಗುತ್ತದೆ. ತಲೆಯೆತ್ತಿ ನೋಡಿದರೆ, ಇಳಿದು ಬಂದ ಮೆಟ್ಟಿಲುಗಳೆಲ್ಲವೂ ಏರಬೇಕಾದ ಮೆಟ್ಟಿಲುಗಳಾಗಿ ಕಾದಿರುತ್ತವೆ. ನೀರಿಗೆ ಹಿಂದಿರುಗುವ ಹಂಗಿಲ್ಲ. ಅದು ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. ಮನುಷ್ಯನಿಗೆ ಮಾತ್ರ ಏರದೆ ಗತಿಯಿಲ್ಲ.

ಗೃಹಸ್ಥನ ಬಾಳೂ ಬಹುಮಟ್ಟಿಗೆ ಈ ಕಣಿವೆಯ ದಾರಿಯೇ. ಪ್ರಾಯದಲ್ಲಿ ಎಲ್ಲವೂ ಸುಲಭ. ನಾಲ್ಕು ಜನರು ಮೆಚ್ಚಲೆಂದು ಸಾಲ ತೆಗೆದು ಮದುವೆಯ ಸಂಭ್ರಮವನ್ನು ನಡೆಸುವುದು ಮೂರು ದಿನದ ಇಳಿಜಾರು. ಆ ಸಾಲವನ್ನು ತೀರಿಸುವುದು ಹಲವು ವರ್ಷಗಳ ಏರು. ಒಮ್ಮೊಮ್ಮೆ ಇಳಿದವನು ತಂದೆ, ಏರುವವನು ಮಗ. ದುಶ್ಚಟವೂ ಹಾಗೆಯೇ, ಬಿರುನುಡಿಯೂ ಹಾಗೆಯೇ. ಒಂದು ಗಳಿಗೆಯಲ್ಲಿ ಆಡಿದ ಮಾತನ್ನು ಮರೆಸಲು ಅಣ್ಣತಮ್ಮಂದಿರಿಗೆ ಒಂದು ಆಯುಷ್ಯವೂ ಸಾಲದೆ ಹೋಗುವುದುಂಟು. ಬಲವಿದ್ದಾಗ ಶಿವಪೂಜೆಗೆ ಬಿಡುವಿಲ್ಲವೆಂದವನು, ಬಿಡುವು ದೊರೆತಾಗ ಕುಳಿತುಕೊಳ್ಳಲು ಮೊಣಕಾಲಿಲ್ಲವೆಂದು ಕೊರಗುತ್ತಾನೆ.

ಹಾಗಾದರೆ ಕಣಿವೆಗೆ ಇಳಿಯಲೇಬಾರದೆ? ಸಂಸಾರವನ್ನೇ ತೊರೆಯಬೇಕೆ? ಹಾಗಲ್ಲ. ಕಾಯಕವನ್ನು ಮಾಡುತ್ತ, ದಾಸೋಹವನ್ನು ನಡೆಸುತ್ತ, ಮನೆಯಲ್ಲಿದ್ದುಕೊಂಡೇ ಲಿಂಗಾಂಗ ಸಾಮರಸ್ಯವನ್ನು ಸಾಧಿಸುವ ದಾರಿಯನ್ನು ಶರಣರು ತೋರಿದರು. ನೆರೆಯ ಉಡುತಡಿಯ ಅಕ್ಕಮಹಾದೇವಿಯು ಪ್ರಾಯದಲ್ಲಿಯೇ ಏರುದಾರಿಯನ್ನು ಹಿಡಿದು ಕಲ್ಯಾಣಕ್ಕೂ, ಅಲ್ಲಿಂದ ಶ್ರೀಶೈಲಕ್ಕೂ ನಡೆದಳು. ಅದು ಎಲ್ಲರಿಗೂ ಸಾಧ್ಯವಾಗುವ ನಡಿಗೆಯಲ್ಲ. ಉಳಿದವರು ಇಳಿದರೂ ದೋಷವಿಲ್ಲ; ಹಿಂದಿರುಗಬೇಕೆಂಬುದನ್ನು ಮರೆತು ಇಳಿಯುವುದೇ ದೋಷ. ಬಲ್ಲ ಪಯಣಿಗನು ಬುತ್ತಿಯನ್ನೂ ನೀರನ್ನೂ ಕಾಲಿನ ಕಸುವನ್ನೂ ಏರಿಗೆಂದು ಉಳಿಸಿಕೊಂಡಿರುತ್ತಾನೆ.

ಏರುವವನು ತುದಿಯನ್ನು ನೋಡಿ ಎದೆಗುಂದಬಾರದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಷಟ್‌ಸ್ಥಲಗಳನ್ನು ಹಿರಿಯರು ಸೋಪಾನಕ್ಕೆ ಹೋಲಿಸಿರುವುದು ಸಾರ್ಥಕವಾಗಿದೆ. ಮೊದಲ ಮೆಟ್ಟಿಲಾದ ಭಕ್ತಸ್ಥಲದಲ್ಲಿ ಕಾಲು ಗಟ್ಟಿಯಾಗಿ ಊರದೆ ಐಕ್ಯದ ಮಾತನ್ನಾಡುವುದು ವ್ಯರ್ಥ. ಮೆಟ್ಟಿಲುಗಳ ನಡುವೆ ನಿಂತು ಉಸಿರು ತಿರುಗಿಸಿಕೊಳ್ಳುವಂತೆ, ನಿತ್ಯವೂ ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಅರೆಗಳಿಗೆ ನೆಲೆನಿಲ್ಲುವುದು ಏರುವ ಬಲವನ್ನು ಕೊಡುತ್ತದೆ.

ಏರುದಾರಿಯಲ್ಲಿ ಜೊತೆಗಾರನನ್ನು ಮರೆಯುವವನು ಭಕ್ತನಲ್ಲ. 1689ರಲ್ಲಿ ಮೊಗಲರ ಸೈನ್ಯವು ಬೆನ್ನಟ್ಟಿದ ಮರಾಠ ಅರಸ ರಾಜಾರಾಮನು ದಣಿದು ಬಂದಾಗ, ಕೆಳದಿಯ ರಾಣಿ ಚೆನ್ನಮ್ಮಾಜಿಯು ಔರಂಗಜೇಬನ ಕೋಪವನ್ನು ಬಲ್ಲವಳಾಗಿಯೂ ಆಶ್ರಯವನ್ನಿತ್ತಳು. ಅದರಿಂದೊದಗಿದ ಯುದ್ಧವನ್ನೂ ಎದುರಿಸಿದಳು. ಈ ನಾಡಿನ ಕಣ್ಣೆದುರಿಗೆ ಇನ್ನೊಂದು ನಿದರ್ಶನವುಂಟು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ, 1948ರ ಹಿರೇಭಾಸ್ಕರ ಅಣೆಕಟ್ಟೆಯೇ ನೀರಿನಲ್ಲಿ ಮುಳುಗಿತು. ಅದರೊಡನೆ ಎಷ್ಟೋ ಮನೆ, ತೋಟ, ಗದ್ದೆಗಳೂ ಮುಳುಗಿದವು. ಇಳಿಯದಿದ್ದರೂ ಏರಬೇಕಾಗಿ ಬಂದವರು ಆ ಮುಳುಗಡೆಯ ಸಂಸಾರಗಳು. ಮನೆಯಲ್ಲಿ ದೀಪ ಹೊತ್ತಿಸುವವರು ಆ ಋಣವನ್ನು ನೆನೆಯಬೇಕು. ನೆರೆಯವನ ಹೊರೆಗೆ ಒಂದು ಹೆಗಲು ಕೊಡುವುದು ದಾಸೋಹವಲ್ಲದೆ ಮತ್ತೇನು?

ಆದುದರಿಂದ ಸದ್ಭಕ್ತರು ಪ್ರತಿದಿನವೂ ಮಲಗುವ ಮುನ್ನ ತಮ್ಮನ್ನು ತಾವು ಎರಡು ಮಾತು ಕೇಳಿಕೊಳ್ಳಲಿ: ಇಂದು ಎಷ್ಟು ಮೆಟ್ಟಿಲು ಇಳಿದೆನು? ಏರಲು ಎಷ್ಟು ಬಲವನ್ನು ಉಳಿಸಿಕೊಂಡೆನು? ಹೀಗೆ ಕೇಳಿಕೊಳ್ಳುವವನ ಕಾಲು ಕತ್ತಲಾಗುವ ಮೊದಲೇ ಮೇಲಿನ ನೆಲವನ್ನು ಮುಟ್ಟುವುದು.