ಚಂದ್ರಶೇಖರ್‌ಗೆ ಸಲ್ಲಬೇಕಾದ ಮನ್ನಣೆ

ಐಸಿಸಿಯ ಹಾಲ್ ಆಫ್ ಫೇಮ್‌ನಲ್ಲಿ ಬಿಷನ್ ಸಿಂಗ್ ಬೇಡಿ 2009ರಿಂದಲೇ ಇದ್ದಾರೆ. ಅನಿಲ್ ಕುಂಬ್ಳೆ 2015ರಲ್ಲಿ ಸೇರಿದರು, ಧೋನಿ 2025ರಲ್ಲಿ. ಮೈಸೂರಿನಲ್ಲಿ ಹುಟ್ಟಿದ ಲೆಗ್ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ ಅವರಿಗೆ ಮಾತ್ರ ಆ ಬಾಗಿಲು ತೆರೆದಿಲ್ಲ. ಅವರು ಅರ್ಹರೇ ಎಂಬ ಚರ್ಚೆ ಎದ್ದರೆ ಮೊದಲು ಲೆಕ್ಕ ಮುಂದೆ ಬರುತ್ತದೆ: 58 ಟೆಸ್ಟ್, 242 ವಿಕೆಟ್, ಸರಾಸರಿ 29.74. ಕುಂಬ್ಳೆಯವರ 619ರ ಪಕ್ಕದಲ್ಲಿ ಇದು ಚಿಕ್ಕದೇ. ಲಯ ತಪ್ಪಿದ ದಿನ ಅವರು ರನ್ ಬಿಟ್ಟುಕೊಡುತ್ತಿದ್ದದ್ದೂ ನಿಜ.

ಬೆಳಗಾವಿ ಜಿಲ್ಲೆಯ ಜುಗೂಳ, ಅಥಣಿ ಕಡೆ ಕುಸ್ತಿ ಬಲ್ಲ ಹಿರಿಯರು ಪೈಲವಾನನನ್ನು ಅಳೆಯುವಾಗ ಎಷ್ಟು ಕುಸ್ತಿ ಗೆದ್ದ ಎಂಬುದಕ್ಕಿಂತ ಯಾರನ್ನು, ಯಾವ ಕಣದಲ್ಲಿ ಚಿತ್ ಮಾಡಿದ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಚಂದ್ರಶೇಖರ್ ಬಳಿ ಉತ್ತರವಿದೆ. 1971ರ ಆಗಸ್ಟ್, ಓವಲ್. ಇಂಗ್ಲೆಂಡಿನ ಎಡ್ರಿಚ್ ಬ್ಯಾಟು ಇಳಿಸುವಷ್ಟರಲ್ಲಿ ಅವರ ವೇಗದ ಎಸೆತ ಸ್ಟಂಪಿಗೆ ಬಡಿದಿತ್ತು. ಬೆನ್ನಿಗೇ ಫ್ಲೆಚರ್, ಶಾರ್ಟ್ ಲೆಗ್‌ನಲ್ಲಿದ್ದ ಸೋಲ್ಕರ್ ಕೈಗೆ. ಇಂಗ್ಲೆಂಡ್ 101ಕ್ಕೆ ಕುಸಿಯಿತು, ಚಂದ್ರಶೇಖರ್‌ಗೆ 38 ರನ್ನಿಗೆ 6 ವಿಕೆಟ್. ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. ಆಸ್ಟ್ರೇಲಿಯಾದಲ್ಲಿ ಮೊದಲ ಗೆಲುವು ದಕ್ಕಿದ ಮೆಲ್ಬರ್ನ್ ಟೆಸ್ಟಿನಲ್ಲೂ ಎರಡು ಇನಿಂಗ್ಸ್ ಸೇರಿ 12 ವಿಕೆಟ್ ಅವರವೇ.

ಇಲ್ಲೊಂದು ಕಠಿಣ ಪ್ರಶ್ನೆಯಿದೆ. ಬಾಲ್ಯದಲ್ಲಿ ಪೋಲಿಯೊದಿಂದ ಸೊರಗಿದ ಬಲಗೈಯೇ ಆ ಎಸೆತಕ್ಕೆ ಚಾಟಿಯ ಬೀಸನ್ನು ಕೊಟ್ಟಿತು ಎನ್ನುತ್ತಾರೆ. ಹಾಗಾದರೆ ಹಿರಿಮೆ ವಿಧಿಯದೋ, ಆಟಗಾರನದೋ? ಪೋಲಿಯೊ ತಗುಲಿದ ಕೈಗಳು ಈ ನಾಡಿನಲ್ಲಿ ಸಾವಿರಾರು ಇದ್ದವು. ಅಂಥ ಕೈಯಿಂದ 18ರ ಹರೆಯದಲ್ಲೇ ಟೆಸ್ಟ್ ಆಡಿದವರು ಇವರು. ಫೀಲ್ಡಿಂಗ್‌ನಲ್ಲಿ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದ ಮನುಷ್ಯ ಬೌಲಿಂಗ್‌ಗೆ ಮಾತ್ರ ಆ ಬಲಗೈಯನ್ನೇ ನೆಚ್ಚಿಕೊಂಡರು. ವಿಧಿ ಕೊಟ್ಟದ್ದು ಕೊರತೆ, ಅದನ್ನು ಕಲೆಯಾಗಿಸಿದ್ದು ಅವರ ದುಡಿಮೆ.

ಫಲದ ಆಸೆ ಬೇಡವೆಂದು ಗೀತೆ ಹೇಳಿದೆ, ಮನ್ನಣೆಯ ಗೊಡವೆ ಯಾಕೆ ಎನ್ನುವವರೂ ಇದ್ದಾರೆ. ಆ ಉಪದೇಶ ಕರ್ಮ ಮಾಡುವವನಿಗೆ. ಆ ಕರ್ಮದ ಫಲ ಉಂಡವರ ಋಣವನ್ನು ಅದು ಮನ್ನಾ ಮಾಡುವುದಿಲ್ಲ. ಕನ್ನಡ ನಾಡಿನ ವೀರಗಲ್ಲುಗಳನ್ನು ನೋಡಿ: ತುರು ಕಾಯುತ್ತ ಸತ್ತವನು ಕಲ್ಲು ಕೇಳಿರಲಿಲ್ಲ, ಉಳಿದವರು ನಿಲ್ಲಿಸಿದರು.

ಚಂದ್ರಶೇಖರ್ ಹುಟ್ಟಿದ್ದು 1945ರಲ್ಲಿ, ಎಂಬತ್ತು ತುಂಬಿದೆ. ಮುಂದಿನ ಪಟ್ಟಿ ಸಿದ್ಧಪಡಿಸುವವರು ಅವರ ಹೆಸರನ್ನು ಇನ್ನು ಮುಂದೂಡಬಾರದು.