ಉಡುಗೊರೆ ಯಾರ ಕೈಗೆ, ಕೆಲಸ ಯಾರ ತಲೆಗೆ?

ದೀಪಾವಳಿ ಹತ್ತಿರವಾದಂತೆ ಡ್ರೈಫ್ರೂಟ್ಸ್ ಡಬ್ಬಗಳ ಸಂಚಾರ ಶುರುವಾಗುತ್ತದೆ. ಒಂದು ಖಾನೆಯಲ್ಲಿ ಬಾದಾಮಿ, ಒಂದರಲ್ಲಿ ಗೋಡಂಬಿ, ಇನ್ನೊಂದರಲ್ಲಿ ಒಣದ್ರಾಕ್ಷಿ, ಕೊನೆಯದರಲ್ಲಿ ಯಾರಿಗೂ ಬೇಡವಾದ ಒಣ ಅಂಜೂರ. ಮೇಲೊಂದು ಜರಿ ರಿಬ್ಬನ್ನು. ಆಫೀಸಿನಿಂದ ಮನೆಗೆ ಬಂದದ್ದು ಎರಡು ದಿನ ಟೀಪಾಯಿ ಮೇಲೆ ಕೂತು ನಾದಿನಿಯ ಮನೆಗೆ ಹೋಗುತ್ತದೆ, ಅಲ್ಲಿಂದ ಅವರ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯ ಮನೆಗೆ. ಕೊನೆಗೆ ಅದನ್ನು ಬಿಚ್ಚಿ ತಿಂದವರು ಯಾರೋ ದೇವರೇ ಬಲ್ಲ. ಆ ಡಬ್ಬದ ಮೇಲೆ ನನಗೇನೂ ಸಿಟ್ಟಿಲ್ಲ, ಪಾಪ, ಅದು ನಿರುಪದ್ರವಿ. ಸಿಟ್ಟು ಬರುವುದು, 'ಅವರಿಗೆ ಅಡುಗೆ ಅಂದ್ರೆ ಪ್ರಾಣ ಕಣ್ರೀ' ಎಂದು ಹೇಳಿಕೊಂಡೇ ಕೊಡುವ ಕೆಲವು ಉಡುಗೊರೆಗಳನ್ನು ಕಂಡಾಗ.

ಗಂಡನಿಗೆ ಪಡ್ಡು ಇಷ್ಟ. ಆದ್ದರಿಂದ ಹೆಂಡತಿಯ ಹುಟ್ಟುಹಬ್ಬಕ್ಕೆ ಪಡ್ಡಿನ ತವ! ಮಗನಿಗೆ ಕೇಕು ಇಷ್ಟ, ಆದ್ದರಿಂದ ಅಮ್ಮನಿಗೆ ಓವನ್ನು. ಕಾಗದ ಬಿಚ್ಚುವವರು ಒಬ್ಬರು, ತಿನ್ನುವವರು ಇನ್ನೊಬ್ಬರು. ಊಟ ಇಷ್ಟಪಡುವವರಿಗೂ ಅಡುಗೆ ಇಷ್ಟಪಡುವವರಿಗೂ ನಡುವೆ ಒಂದು ಅಡುಗೆಮನೆಯಷ್ಟು ದೂರವಿದೆ ಎಂಬುದು ಅಂಗಡಿಯ ಬಿಲ್ ಕೌಂಟರಿನ ಮುಂದೆ ನಿಂತಾಗ ಯಾಕೋ ಮರೆತುಹೋಗುತ್ತದೆ. ಇನ್ನು ಯಂತ್ರಗಳ ಕಥೆ. ದಾರ ಎಳೆದರೆ ಈರುಳ್ಳಿ ಹೆಚ್ಚುವ ಡಬ್ಬಿ, ಹಿಟ್ಟಿನುಂಡೆ ಇಟ್ಟು ಒತ್ತಿದರೆ ರೊಟ್ಟಿಯಾಗುವ ಮೇಕರು, ತರಕಾರಿಯನ್ನು ಸುರುಳಿ ಸುರುಳಿಯಾಗಿ ಸುತ್ತುವ ಇನ್ನೇನೋ. ಎರಡು ಈರುಳ್ಳಿ ಹೆಚ್ಚಿದ ಮೇಲೆ ಅಷ್ಟೂ ಬಿಡಿಭಾಗ ಬಿಚ್ಚಿ, ಬ್ಲೇಡಿಗೆ ಬೆರಳು ತಾಗದಂತೆ ತೊಳೆದು, ಒರೆಸಿ, ಮತ್ತೆ ಜೋಡಿಸಿಡುವ ಹೊತ್ತಿಗೆ ಚಾಕು ಹಿಡಿದವರ ಹುಳಿಗೆ ಒಗ್ಗರಣೆಯೂ ಬಿದ್ದಿರುತ್ತದೆ. ಇವುಗಳೆಲ್ಲ ಮೂರು ತಿಂಗಳಲ್ಲಿ ಅಟ್ಟ ಸೇರುತ್ತವೆ. ಕೊಟ್ಟವರು ಮನೆಗೆ ಬರುವ ದಿನ ಮಾತ್ರ ಕೆಳಗಿಳಿಯುತ್ತವೆ.

ಈ ವಿಷಯದಲ್ಲಿ ನಮ್ಮ ಹಿಂದಿನವರ ಲೆಕ್ಕಾಚಾರ ಚೆನ್ನಾಗಿತ್ತು. ಗೌರಿ ಹಬ್ಬದ ಮೊರದ ಬಾಗಿನವನ್ನೇ ನೋಡಿ. ಅರಿಶಿನ, ಕುಂಕುಮ, ಬಳೆ, ರವಿಕೆ ಕಣದ ಜೊತೆಗೆ ಅಕ್ಕಿ, ತೊಗರಿಬೇಳೆ, ರವೆ, ಬೆಲ್ಲದಚ್ಚು, ತೆಂಗಿನಕಾಯಿ. ಎಲ್ಲವೂ ಬಳಸಿ ಮುಗಿಯುವಂಥವು. ಅಷ್ಟನ್ನೂ ಹೊತ್ತು ತಂದ ಮೊರ ಕೂಡ ಮಾರನೆಯ ದಿನದಿಂದ ಅಕ್ಕಿ ಕೇರುವುದಕ್ಕೆ ಬರುತ್ತಿತ್ತು. ಸಂಕ್ರಾಂತಿಯ ಎಳ್ಳು ಬೀರುವುದೂ ಹಾಗೆಯೇ. ಆದರೆ ಅಲ್ಲಿ ಕೊಡುವವರು ವಾರದ ಮುಂಚೆಯೇ ಕೂತು ಕೊಬ್ಬರಿಯನ್ನೂ ಬೆಲ್ಲವನ್ನೂ ಸಣ್ಣಗೆ ಹೆಚ್ಚಿ, ಬಿಸಿಲಿಗೆ ಹಾಕಿ, ಕಡಲೆಕಾಯಿ ಬೀಜ ಹುರಿದು ಸಿಪ್ಪೆ ತೆಗೆದು, ಕೈ ನೋಯಿಸಿಕೊಂಡಿರುತ್ತಾರೆ. ಪಡೆದವರಿಗೆ ಉಳಿಯುವುದು ಬಾಯಿಗೆ ಹಾಕಿಕೊಳ್ಳುವ ಕೆಲಸವೊಂದೇ. ಅಡುಗೆ ಮಾಡುವವರಿಗೆ ಏನಾದರೂ ಕೊಡುವಾಗ ನಾನು ಈಗ ನೋಡುವುದು ಇದಿಷ್ಟನ್ನೇ. ಇದರಿಂದ ಅವರ ಕೆಲಸ ಕಡಿಮೆಯಾಗುತ್ತದೆಯೋ ಹೆಚ್ಚುತ್ತದೆಯೋ? ಕೊಡುವವರ ಬೆವರು ಇದರಲ್ಲಿ ಒಂದು ತೊಟ್ಟಾದರೂ ಇದೆಯೋ?

ಬೀಡು ಕಬ್ಬಿಣದ ಕಾವಲಿಯನ್ನೇ ತೆಗೆದುಕೊಳ್ಳಿ. ನಾನ್‌ಸ್ಟಿಕ್‌ನಿಂದ ಬೇಸತ್ತವರೆಲ್ಲ ಈಗ ಮತ್ತೆ ಅದರ ಕಡೆಗೆ ಹೊರಳಿದ್ದಾರೆ, ಹೀಗಾಗಿ ಉಡುಗೊರೆಯಾಗಿಯೂ ಓಡಾಡುತ್ತಿದೆ. ಅಂಗಡಿಯಿಂದ ತಂದ ಕಾವಲಿಯನ್ನು ಹಾಗೇ ಕೊಟ್ಟರೆ ಅದು ಉಡುಗೊರೆಯಲ್ಲ, ಹೋಮ್‌ವರ್ಕ್. ಮೊದಲು ಚೆನ್ನಾಗಿ ಉಜ್ಜಿ ತೊಳೆದು ಒಲೆಯ ಮೇಲಿಟ್ಟು ನೀರಿನ ಪಸೆ ಆರಿಸಬೇಕು. ಬಿಸಿಯಿರುವಾಗಲೇ ಕಡಲೆಕಾಯಿ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ತೆಳ್ಳಗೆ ಸವರಿ ರಾತ್ರಿಯಿಡೀ ಬಿಡಬೇಕು. ಮಾರನೆಯ ದಿನ ಗಂಜಿ ಸುರಿದಿಟ್ಟು, ತೊಳೆದು, ಮತ್ತೆ ಎಣ್ಣೆ. ಹೀಗೆ ನಾಲ್ಕಾರು ದಿನ ಕಳೆದ ಮೇಲೆ ಒಂದು ಹಿಡಿ ಈರುಳ್ಳಿಯನ್ನು ಅದರ ಮೇಲೆ ಕರಿಯಾಗುವವರೆಗೆ ಹುರಿದು ಚೆಲ್ಲಬೇಕು. ಕಾದ ಕಬ್ಬಿಣದ ಮೇಲೆ ಎಣ್ಣೆಯ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಪದರವಾಗಿ ಕೂರುತ್ತವೆ. ಪದರದ ಮೇಲೆ ಪದರ ಬಿದ್ದಂತೆ ಬೂದು ಬಣ್ಣದ ಕಬ್ಬಿಣ ಮಿರಮಿರನೆ ಕಪ್ಪಾಗುತ್ತದೆ. ಆದರೂ ಮೊದಲ ದೋಸೆ ಏಳುವುದಿಲ್ಲ. ಎರಡನೆಯದು ಅರ್ಧ ಬರುತ್ತದೆ, ಇನ್ನರ್ಧವನ್ನು ಸೌಟಿನಿಂದ ಕೆರೆಯಬೇಕು. ಬದನೆಕಾಯಿ ತೊಟ್ಟನ್ನು ಎಣ್ಣೆಯಲ್ಲದ್ದಿ ಸವರುತ್ತಾ, ಬೈದುಕೊಳ್ಳುತ್ತಾ, ಸುಮಾರು ಎರಡು ವಾರ ಅದರ ಜೊತೆ ಸಂಸಾರ ಮಾಡಿದರೆ ಒಂದು ಬೆಳಿಗ್ಗೆ ದೋಸೆ ತಾನಾಗಿ ಅಂಚು ಬಿಟ್ಟು ಮೇಲೇಳುತ್ತದೆ.

ಹಾಗೆ ಪಳಗಿದ ಕಾವಲಿಯನ್ನು ಕೊಡಿ. ಆ ಎರಡು ವಾರದ ಹರಕು ದೋಸೆ ನಿಮ್ಮ ಮನೆಯವರ ಹೊಟ್ಟೆಗಿರಲಿ. ಮಂಗಳೂರಿನಲ್ಲೋ ಸಾಗರದಲ್ಲೋ ಅಜ್ಜಿ ಬಳಸಿದ ಕಾವಲಿಗಾಗಿ ಮೊಮ್ಮಕ್ಕಳು ಯಾಕೆ ಕಾದಾಡುತ್ತಾರೆಂಬುದು ಒಮ್ಮೆ ಕಾವಲಿ ಪಳಗಿಸಿದವರಿಗೆ ಬೇರೆ ಹೇಳಬೇಕಾಗಿಲ್ಲ. ಒಂದು ಎಚ್ಚರಿಕೆ: ಬೀಡು ಬಲು ಭಾರ. ಮಣಿಕಟ್ಟು ನೋವಿರುವ ಹಿರಿಯರಿಗೆ ದೊಡ್ಡ ಕಾವಲಿ ಕೊಟ್ಟರೆ ಅವರು ನಿಮ್ಮನ್ನು ನೆನೆಸಿಕೊಳ್ಳುವ ರೀತಿಯೇ ಬೇರೆಯಾದೀತು. ಕಲ್ಮರಿಗೆಯ ವಿಷಯದಲ್ಲೂ ಹೀಗೇ ಯೋಚಿಸಬೇಕು. ಬಳಪದ ಕಲ್ಲಿನ ಆ ಪಾತ್ರೆಯಲ್ಲಿ ಮಾಡಿದ ಹುಳಿ ಒಲೆ ಆರಿಸಿದ ಮೇಲೂ ಸುಮಾರು ಹೊತ್ತು ಕೊತಕೊತ ಎನ್ನುತ್ತಿರುತ್ತದೆ, ಹುಣಿಸೆಹುಳಿಯಿಂದ ಪಾತ್ರೆಗೂ ಕೆಡುಕಿಲ್ಲ, ಸಾರಿಗೂ ಕೆಡುಕಿಲ್ಲ. ಆದರೆ ಅದಕ್ಕೂ ಎಣ್ಣೆ, ಅರಿಶಿನ, ಬಿಸಿ ಗಂಜಿಯ ಉಪಚಾರ ಬೇಕು, ಅವಸರದಲ್ಲಿ ಉರಿ ಜೋರು ಮಾಡಿದರೆ ಬಿರುಕು. ಇಂಡಕ್ಷನ್ ಒಲೆಯಿರುವ ಮನೆಗೆ ಅದನ್ನು ಒಯ್ದರೆ ಹೂಕುಂಡವಾಗುತ್ತದೆ ಅಷ್ಟೇ. ಕಲ್ಲು ಆ ಒಲೆಯಲ್ಲಿ ಕಾಯುವುದೇ ಇಲ್ಲ.

ಪಾತ್ರೆಗಿಂತ ಪದಾರ್ಥ ವಾಸಿ ಎಂಬುದು ನನ್ನ ಪಕ್ಷ. ಆದರೆ ಪದಾರ್ಥಕ್ಕೆ ಹಬ್ಬದ ಕ್ಯಾಲೆಂಡರ್ ಬೇರೆ, ಹೊಲದ ಕ್ಯಾಲೆಂಡರ್ ಬೇರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ ಮೇಲೆ ಚೆಂದದ ಪೆಟ್ಟಿಗೆಗಳಲ್ಲೂ ಬರುತ್ತಿದೆ. ದೀಪಾವಳಿಗೆ ಅದನ್ನು ಕೊಂಡರೆ ಕೈಗೆ ಸಿಗುವುದು ಹಿಂದಿನ ಸುಗ್ಗಿಯ, ಶೀತಲಗೃಹದಲ್ಲಿ ಕೂತು ಬಂದ ಮಾಲು. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಹೊಸ ಬೆಳೆ ರಾಶಿ ರಾಶಿಯಾಗಿ ಬರುವುದು ಸಂಕ್ರಾಂತಿ ಕಳೆದ ಮೇಲೆ. ಈ ಮೆಣಸಿನಕಾಯಿಗೆ ಹೆಸರು ಬಂದದ್ದೇ ಬಣ್ಣದಿಂದ. ಖಾರ ಕಡಿಮೆ, ಕೆಂಪು ಜಾಸ್ತಿ. ಬೆಳಕು, ಬಿಸಿ ತಾಗಿದಷ್ಟೂ ಆ ಕೆಂಪು ಇಳಿಯುತ್ತದೆ. ಹಾಗಾಗಿ ಬ್ಯಾಡಗಿ ಯುಗಾದಿಯ ಉಡುಗೊರೆ. ಉದ್ದಕ್ಕೆ ಸುಕ್ಕು ಸುಕ್ಕಾಗಿರುವ ಕಡ್ಡಿಯೋ, ದುಂಡಗಿರುವ ಡಬ್ಬಿಯೋ ಎಂದು ಮೊದಲೇ ಕೇಳಿಕೊಳ್ಳಿ, ಅದರಲ್ಲೂ ಮನೆಮನೆಗೆ ಪಕ್ಷಗಳಿವೆ. ಕಲಬುರಗಿಯ ತೊಗರಿಯದೂ ಅದೇ ಕಾಲ, ಡಿಸೆಂಬರ್–ಜನವರಿ ಸುಗ್ಗಿ. ಹೊಸ ಬೇಳೆ ಬೇಗ ಬೇಯುತ್ತದೆ, ವರ್ಷ ಕೂತದ್ದು ಕುಕ್ಕರಿಗೆ ಎರಡು ಸೀಟಿ ಹೆಚ್ಚು ಕೇಳುತ್ತದೆ. ಅಕ್ಕಿಯದು ಇದಕ್ಕೆ ತದ್ವಿರುದ್ಧ. ಹೊಸ ಅಕ್ಕಿಯ ಅನ್ನ ಮುದ್ದೆ, ಹಳೆಯದರದು ಉದುರುದುರು. ಹೊಸದು ಕೊಟ್ಟೆನೆಂದು ಹೆಮ್ಮೆಪಡುವ ಮುಂಚೆ ಯಾವುದು ಹೊಸದಿರಬೇಕು, ಯಾವುದು ಹಳೆಯದಿರಬೇಕು ಎಂದು ತಿಳಿದಿದ್ದರೆ ಒಳ್ಳೆಯದು.

ದೀಪಾವಳಿಗೇ ಕೊಡಬೇಕೆಂದರೆ ಅಪ್ಪೆಮಿಡಿಯಿದೆ. ಅಘನಾಶಿನಿ, ಶರಾವತಿ, ವರದಾ ನದಿಗಳ ದಂಡೆಯ ಮರಗಳಿಂದ ಬೇಸಿಗೆಯ ಹೊಸ್ತಿಲಲ್ಲಿ ಕೊಯ್ದ ಮಿಡಿ ಉಪ್ಪುಂಡು, ಸುಕ್ಕಾಗಿ, ಖಾರ ಹೀರಿಕೊಂಡು, ಮಳೆಗಾಲ ಕಳೆಯುವ ಹೊತ್ತಿಗೆ ಹದಕ್ಕೆ ಬಂದಿರುತ್ತದೆ. ಭರಣಿಯೊಳಗೆ ಇಣುಕಿ ನೋಡಿ. ಮಿಡಿಗೆ ತೊಟ್ಟು ಅಂಟಿಕೊಂಡಿದ್ದರೆ, ಕೊಯ್ದವರು ಮರ ಹತ್ತಿ ಕೈಯಲ್ಲಿ ಬಿಡಿಸಿದ್ದಾರೆ ಎಂದರ್ಥ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಒಂದಿದ್ದರೂ ಅದು ಮೆತ್ತಗಾಗಿ ಇಡೀ ಭರಣಿಯನ್ನು ಹಾಳು ಮಾಡುತ್ತದೆ. ತೊಟ್ಟಿನ ಸೊನೆಯಲ್ಲೇ ಅದರ ಪರಿಮಳ. ಮಲೆನಾಡಿನ ಹೆಂಗಸರು ಮಿಡಿಯನ್ನು ಮೂಸಿಯೇ ಇದು ಯಾವ ಮರದ್ದೆಂದು ಹೇಳುತ್ತಾರೆ, ಮರಗಳಿಗೆ ಅವುಗಳ ಒಡೆಯರ ಹೆಸರೂ ಇರುತ್ತದೆ. ಅನಂತಭಟ್ಟನ ಅಪ್ಪೆ ಎಂಬುದು ಹಾಗೆ ಪ್ರಸಿದ್ಧವಾದ ತಳಿ. ಮಾಂಸದಡುಗೆ ಪ್ರೀತಿಸುವ ಗೆಳೆಯರಿದ್ದರೆ ಕೊಡಗಿನಿಂದ ಒಂದು ಸಣ್ಣ ಬಾಟಲಿ ಕಾಚಂಪುಳಿ ತನ್ನಿ. ಮಲೆನಾಡಿನವರು ಉಪ್ಪಾಗೆ ಎನ್ನುವ ಹಣ್ಣಿನದೇ ರಸವನ್ನು ತೊಟ್ಟು ತೊಟ್ಟಾಗಿ ಇಳಿಸಿ, ಕಪ್ಪಗೆ ಮಂದವಾಗುವವರೆಗೆ ಕುದಿಸಿದ ಹುಳಿ ಅದು. ಪಂದಿ ಕರಿಗೆ ಒಂದೆರಡು ಚಮಚ ಸಾಕು, ಬಾಟಲಿ ವರ್ಷಗಟ್ಟಲೆ ಕೆಡುವುದಿಲ್ಲ.

ಪಾತ್ರೆಯೇ ಆಗಬೇಕೆಂಬ ಹಟವಿದ್ದರೆ ಸ್ಟೀಲ್ ಡಬ್ಬಿ ಕೊಂಡು ಹೆಸರು ಹಾಕಿಸಿ. ಪಾತ್ರೆ ಅಂಗಡಿಯ ಮೂಲೆಯಲ್ಲಿ ಗುಯ್‌ಗುಡುವ ಪೆನ್ನು ಹಿಡಿದು ಕೂತವನು, 'ಅಮ್ಮಾ, ಇನಿಷಿಯಲ್ ಮುಂದೆ ಹಾಕ್ಲೋ ಹಿಂದೆ ಹಾಕ್ಲೋ?' ಎಂದು ಕೇಳುತ್ತಿದ್ದ ಕಾಲ ಇನ್ನೂ ಪೂರ್ತಿ ಹೋಗಿಲ್ಲ. ಹಳೆಯ ಮನೆಗಳಲ್ಲಿ ಸಾರಿನ ಪಾತ್ರೆ ತಿರುಗಿಸಿದರೆ ಯಾರದೋ ಮದುವೆಯ ತಾರೀಖು ಕಾಣುತ್ತದೆ, ಲೋಟದ ಅಂಚಿನಲ್ಲಿ ಈಗಿಲ್ಲದ ದೊಡ್ಡಮ್ಮನ ಹೆಸರು. ಪಕ್ಕದ ಮನೆಗೆ ಪಾಯಸ ತುಂಬಿಸಿ ಕಳಿಸಿದ ಪಾತ್ರೆ ವಾಪಸು ಬರುತ್ತಿದ್ದುದೂ ಆ ಹೆಸರಿನ ದೆಸೆಯಿಂದಲೇ.

ಪುಸ್ತಕ? ಕೊಡಬಹುದು. ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ಮದ್ರಾಸಿನಲ್ಲಿ ಹೊರತಂದ 'ಸಮೈತ್ತು ಪಾರ್' ತಮಿಳು ಮದುಮಗಳ ಪೆಟ್ಟಿಗೆಯಲ್ಲಿ ಸೀರೆಯ ಜೊತೆಗೇ ಹೋಗುತ್ತಿತ್ತು. ನಮ್ಮಲ್ಲಿ 16ನೇ ಶತಮಾನದ ಆರಂಭದಲ್ಲೇ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದು, ಬದನೆಕಾಯಿಗೇ ಒಂದು ಅಧ್ಯಾಯ ಮೀಸಲಿಟ್ಟ. ಅದನ್ನು ಓದುವುದಕ್ಕೆ ಕೊಡಿ, ಒಲೆಯ ಪಕ್ಕ ಇಡುವುದಕ್ಕಲ್ಲ. ಒಲೆಯ ಪಕ್ಕಕ್ಕೆ ಬೇಕಾದ ಪುಸ್ತಕ ಅಂಗಡಿಯಲ್ಲಿ ಸಿಗುವುದಿಲ್ಲ. ಅಂಗೈಯಗಲದ ತೂಕದ ಯಂತ್ರವೊಂದನ್ನು ಹಿಡಿದು, ಸಾರಿನ ಪುಡಿ ಮಾಡುವ ದಿನ ಅಮ್ಮನ ಪಕ್ಕ ನಿಲ್ಲಿ. 'ಎಷ್ಟು ಕೊತ್ತಂಬರಿ ಬೀಜ?' ಎಂದರೆ 'ಒಂದು ಪಾವು ಇರಬೌದು' ಎನ್ನುತ್ತಾರೆ, 'ಮೆಂತ್ಯ?' ಎಂದರೆ 'ಒಂಚೂರು ಕಣೋ, ಜಾಸ್ತಿ ಆದ್ರೆ ಕಹಿ.' ಆ ಒಂಚೂರು ಬಾಣಲೆಗೆ ಬೀಳುವ ಮುಂಚೆ ತಟ್ಟೆಯಲ್ಲಿ ಹಿಡಿದು ತೂಗಿ. ಅವರು ರೇಗುತ್ತಾರೆ, ರೇಗಲಿ. ಗ್ರಾಮುಗಳಲ್ಲಿ ಬರೆದುಕೊಂಡ ಆ ಹಾಳೆ ತಂಗಿಗೋ ಸೊಸೆಗೋ ಅಡುಗೆ ಕಲಿಯುತ್ತಿರುವ ಅಳಿಯನಿಗೋ ಸಿಕ್ಕರೆ ಅದಕ್ಕಿಂತ ಬೆಲೆಬಾಳುವ ಸಾಮಾನನ್ನು ಯಾವ ಅಂಗಡಿಯವರೂ ಮಾರಲಾರರು.

ಪರದೇಶದಲ್ಲಿರುವವರಿಗೆ ಕಳಿಸುವವರು ಕಾನೂನನ್ನೂ ಒಮ್ಮೆ ನೋಡಿಕೊಳ್ಳಬೇಕು. ಗಸಗಸೆಗೆ ಯುಎಇಯಲ್ಲಿ ನಿಷೇಧವಿದೆ. ಹಬ್ಬದ ಪಾಯಸಕ್ಕೆಂದು ಒಂದು ಪೊಟ್ಟಣ ಸೂಟ್‌ಕೇಸಿಗೆ ಸೇರಿಸಿದರೆ ವಿಮಾನ ನಿಲ್ದಾಣದಲ್ಲಿ ದೊಡ್ಡ ರಾದ್ಧಾಂತವಾದೀತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗುವವರು ತಿನ್ನುವ ಪದಾರ್ಥ ಏನೇ ಒಯ್ದರೂ ಫಾರ್ಮಿನಲ್ಲಿ ಬರೆದು ತೋರಿಸಲೇಬೇಕು. ಎಲ್ಲಕ್ಕಿಂತ ಕಷ್ಟ ಕೊಡುವುದು ಉಪ್ಪಿನಕಾಯಿಯ ಎಣ್ಣೆ, ಅದು ಯಾವ ದೇಶದ ಕಾನೂನಿಗೂ ಬಗ್ಗುವುದಿಲ್ಲ. ಚಟ್ನಿಪುಡಿ, ಶೇಂಗಾ ಹಿಂಡಿಯಂಥ ಒಣ ಪದಾರ್ಥಕ್ಕೆ ಸೋರುವ ಭಯವಿಲ್ಲ.

ಏನೂ ಕೊಳ್ಳಲಾಗದವರು ಹಬ್ಬ ಮುಗಿದ ಮಾರನೆಯ ದಿನದ ಅಡುಗೆಯನ್ನು ತಾವು ವಹಿಸಿಕೊಳ್ಳಬಹುದು. ಷರತ್ತು ಒಂದೇ, ಪಾತ್ರೆಯನ್ನೂ ಅವರೇ ಬೆಳಗಬೇಕು. ಸಿಂಕು ತುಂಬಿಸಿಟ್ಟು ಹೊರಟರೆ ಅದು ಉಪಕಾರವಲ್ಲ. ಇನ್ನು ಈ ದೀಪಾವಳಿಗೆ ಪಳಗಿದ ಕಾವಲಿ ಕೊಡಬೇಕೆಂದು ಯಾರಿಗಾದರೂ ಮನಸ್ಸಾಗಿದ್ದರೆ, ವಿಜಯದಶಮಿ ಕಳೆದ ಮಾರನೆಯ ದಿನವೇ ಪಾತ್ರೆ ಅಂಗಡಿಗೆ ಹೋಗಿ. ಅಲ್ಲಿಂದ ನರಕ ಚತುರ್ದಶಿಗೆ ಸುಮಾರು 18 ದಿನ ಸಿಗುತ್ತದೆ, ಅಷ್ಟು ಸಾಕು.