ನಾಲಿಗೆಯ ರೂಢಿ, ಮನಸ್ಸಿನ ನಾಚಿಕೆ

ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ ಬಂದಾಗ ಬ್ಯಾಡಗಿಯ ನಮ್ಮವರ ಮನೆಗಳಲ್ಲಿ ಒಂದು ವಿನೋದವನ್ನು ಕಾಣಬಹುದು. ಊರ ಶೀತಲಗೃಹಗಳ ತುಂಬ ಮೆಣಸಿನಕಾಯಿ. ಅಡಿಗೆಮನೆಯೊಳಗೆ ಮಾತ್ರ ಅದಕ್ಕೆ ಪ್ರವೇಶವಿಲ್ಲ. ಹೆಸರುಬೇಳೆ, ಕಾಳುಮೆಣಸು, ಜೀರಿಗೆಗಳಲ್ಲಿಯೇ ಪಾಕವಾಗಬೇಕು. ಮೊದಲ ನಾಲ್ಕು ದಿನ ಗೊಣಗಿದ ನಾಲಿಗೆ ತಿಂಗಳ ಕೊನೆಗೆ ಆ ಸಾರನ್ನೇ ಮೆಚ್ಚತೊಡಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ನಮ್ಮ ಮೆಣಸಿನಕಾಯಿಯೂ ಅನಾದಿಯಾದುದಲ್ಲ. ಅದರ ಮೂಲ ಅಮೆರಿಕ ಖಂಡ, ಪೋರ್ಚುಗೀಸರ ಮೂಲಕ ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ಬಂದಿತು. ಬಾಡ ಗ್ರಾಮದಲ್ಲಿ ಜನಿಸಿದ ಕನಕದಾಸರ ಬಾಲ್ಯದ ಊಟದಲ್ಲಿ ಅದು ಇದ್ದಿರಲಾರದು. ರುಚಿ ಬಹುಮಟ್ಟಿಗೆ ರೂಢಿಯೆಂಬುದಕ್ಕೆ ಬೇರೆ ಪ್ರಮಾಣವೇಕೆ?

ರೂಢಿಯನ್ನು ಬಿಡಿಸುವುದು ಸುಲಭ. ನಾಚಿಕೆಯನ್ನು ಬಿಡಿಸುವುದು ಹಾಗಲ್ಲ.

ನಾನು ಚಿಕ್ಕವನಿದ್ದಾಗ ರಾಣೇಬೆನ್ನೂರಿನ ನಮ್ಮ ಮನೆಗೆ ದಕ್ಷಿಣದ ಕಡೆಯ ಬಂಧುಗಳು ಬಂದಿದ್ದರು. ತಾಯಿಯವರು ರೊಟ್ಟಿಯ ಬುಟ್ಟಿಯನ್ನು ಅಟ್ಟದ ಮೇಲಿರಿಸಿ, ನೆರೆಮನೆಯಿಂದ ಸಣ್ಣಕ್ಕಿಯನ್ನು ಕಡ ತಂದು ಅನ್ನ ಮಾಡಿದರು. ಎಲೆಯ ಮುಂದೆ ಕುಳಿತು ನಾನು ರೊಟ್ಟಿ ಬೇಡಿದೆ. "ನಮ್ಮಲ್ಲಿ ರೊಟ್ಟಿ ಎಲ್ಲಿಯದೋ?" ಎಂದು ಅವರು ನಕ್ಕರು. ಪಾಠಶಾಲೆಗೆ ಹೋದ ಮೇಲೆ ನಾನೂ ಅದನ್ನೇ ಕಲಿತೆ. ಜೋಳ ನನಗೆ ಸೇರದೆಂದು ಸಹಪಾಠಿಗಳೆದುರು ಹೇಳುತ್ತ ಹೇಳುತ್ತ, ಎರಡು ವರ್ಷಗಳಲ್ಲಿ ಅದು ನಿಜವಾಗಿಯೂ ಸೇರದಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ರೂಕ್ಷವಾದ ಆಹಾರವನ್ನು ಗೀತೆಯ ಹದಿನೇಳನೆಯ ಅಧ್ಯಾಯವು ರಾಜಸವೆನ್ನುತ್ತದೆಂದು ಶಾಸ್ತ್ರಾಧಾರವನ್ನೂ ಒದಗಿಸಿದೆ! ಅದೇ ಸಾಲಿನಲ್ಲಿ ಕಟುವೂ ತೀಕ್ಷ್ಣವೂ ಇವೆ; ಖಾರದ ಸಾರನ್ನು ಬಿಡುವ ಯೋಚನೆ ಮಾತ್ರ ನನಗೆ ಬರಲಿಲ್ಲ.

ವ್ರತದಲ್ಲಿ ಬಿಟ್ಟ ಪದಾರ್ಥದ ಮೇಲೆ ನಮಗೆ ತಿರಸ್ಕಾರವಿಲ್ಲ. ಅವಧಿ ಮುಗಿದೊಡನೆ ಶಾಕದಾನ ಮಾಡಿ ಪುನಃ ಆದರದಿಂದ ಸ್ವೀಕರಿಸುತ್ತೇವೆ. ಪರರ ದೃಷ್ಟಿಗೆ ಅಂಜಿ ಬಿಟ್ಟದ್ದಕ್ಕೆ ಅವಧಿಯೂ ಇಲ್ಲ, ಸಮರ್ಪಣೆಯೂ ಇಲ್ಲ. ಅದು ಧರ್ಮದ ವೇಷ ಧರಿಸಿ ಮನೆಯಲ್ಲಿಯೇ ನೆಲೆಸುತ್ತದೆ, ಕ್ರಮೇಣ ಆ ಅನ್ನವನ್ನು ಉಣ್ಣುವವರನ್ನೂ ಕೀಳಾಗಿ ಕಾಣಿಸುತ್ತದೆ. ಕಾಗಿನೆಲೆಯ ಆದಿಕೇಶವನ ದಾಸರು ರಾಮಧಾನ್ಯಚರಿತೆಯನ್ನು ರಚಿಸಿದ್ದು ಈ ರೋಗವನ್ನರಿತೇ ಇರಬೇಕು. ಅಲ್ಲಿ ಅಕ್ಕಿ ನರೆದಲೆಗನನ್ನು, ಎಂದರೆ ರಾಗಿಯನ್ನು, ಹೀಯಾಳಿಸುತ್ತದೆ. ಶ್ರೀರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಸೆರೆಯಲ್ಲಿ ಕಂದದೆ ಉಳಿದದ್ದು ರಾಗಿ. ಪ್ರಭುವು ತನ್ನ ಹೆಸರನ್ನೇ ಅದಕ್ಕಿತ್ತನು.

ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳಿಗೆ ಮೀಸಲಿರಿಸಿತು. ಜೋಳವೂ ಆ ಗುಂಪಿನದೇ. ಈಗ ಲಗ್ನಗಳಲ್ಲಿ ಬಿಸಿ ರೊಟ್ಟಿಯನ್ನು ವಿಶೇಷವೆಂದು ಬಡಿಸುತ್ತಾರೆ. ನನ್ನ ನಾಲಿಗೆಯೂ ಜಾಣತನದಿಂದ ಅದನ್ನು ಪುನಃ ಮೆಚ್ಚಿಕೊಂಡಿದೆ, ಇದರಲ್ಲಿ ಹೊಗಳಿಕೊಳ್ಳುವಂಥದೇನೂ ಇಲ್ಲ. ಅಂದು ಅಂಜಿದ್ದೂ ಪರರ ಕಣ್ಣಿಗೆ, ಇಂದು ಒಲಿದದ್ದೂ ಪರರ ಕಣ್ಣಿಗೇ.

ಇತ್ತೀಚೆಗೆ ಹಾವೇರಿಯ ಒಂದು ಮದುವೆಯಲ್ಲಿ ತಾಯಿಯವರ ಸಮೀಪ ಕುಳಿತಿದ್ದೆ. ರೊಟ್ಟಿ ಬಂದಾಗ ಅವರು ಕ್ಷಣಕಾಲ ಅತ್ತಿತ್ತ ನೋಡಿದರು. ಬಳಿಕ ಎರಡನ್ನು ಹಾಕಿಸಿಕೊಂಡರು.